ಐರ್ಲೆಂಡಿನ ಇಂಗ್ಲಿಷು

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಟರೆ ತಿಕೋಟಾ ಸಿಕ್ಕುತ್ತದೆ. ದಕ್ಷಿಣದ ದಾರಿ ಹಿಡಿದರೆ ಬಬಲೇಶ್ವರ. ಎರಡೂ ಈಗ ತಾಲ್ಲೂಕು ಕೇಂದ್ರಗಳು. ತಿಕೋಟಾ ಸೀಮೆಯು ದ್ರಾಕ್ಷಿಗೆ ಹೆಸರಾದುದು. ಅಲ್ಲಿಯ ಒಬ್ಬ ರೈತನ ಮಗನನ್ನು ಸ್ವಲ್ಪ ಗಮನಿಸಿ ನೋಡಿರಿ. ಮನೆಯಲ್ಲಿ ಅವ್ವನೊಡನೆ ಅವನು ಆಡುವುದು ಕನ್ನಡ. ಮಣೂಕದ ಚೀಲಗಳನ್ನು ಹೇರಿಕೊಂಡು ತಂದೆಯೊಡನೆ ಸಾಂಗಲಿಗೋ ತಾಸಗಾಂವಕ್ಕೋ ಹೋದನೆಂದರೆ ಅಲ್ಲಿಯ ವ್ಯಾಪಾರಿಗಳೊಡನೆ ಮರಾಠಿಯಲ್ಲಿ ದರ ಕುದುರಿಸುತ್ತಾನೆ. ಲಾರಿಯ ಚಾಲಕನೊಡನೆ, ಓಣಿಯ ಗೆಳೆಯರೊಡನೆ ದಖನಿಯಲ್ಲಿ ಹರಟುತ್ತಾನೆ. ಈ ಮೂರರಲ್ಲಿ ಎರಡು ಭಾಷೆಗಳನ್ನು ಅವನಿಗೆ ಯಾರೂ ಪಾಠ ಹೇಳಿ ಕಲಿಸಿದ್ದಿಲ್ಲ. ವ್ಯಾಕರಣದ ಪುಸ್ತಕವನ್ನು ಅವನು ಕಣ್ಣಿನಿಂದ ಕಂಡಿರಲಿಕ್ಕಿಲ್ಲ. ಆದರೆ ಇದೇ ಹುಡುಗನು ಶಾಲೆಯಲ್ಲಿ ಎಂಟು ಹತ್ತು ವರ್ಷ ಇಂಗ್ಲಿಷು ಓದಿಯೂ, ಗೋಲಗುಮ್ಮಟ ನೋಡಲು ಬಂದ ಪರದೇಶದ ಪ್ರವಾಸಿಯೊಬ್ಬನು ದಾರಿ ಕೇಳಿದರೆ ಬೆರಳು ತೋರಿಸಿ ಸುಮ್ಮನಾಗುತ್ತಾನೆ. ಇದೇಕೆ ಹೀಗೆ?

ಹುಡುಗನು ದಡ್ಡನೆಂದು ಹೇಳುವಂತಿಲ್ಲ. ಮೂರು ಭಾಷೆಗಳ ಒಡೆಯನನ್ನು ದಡ್ಡನೆನ್ನುವವನೇ ದಡ್ಡ. ಕಾರಣ ಬೇರೆಯೇ ಇದೆ. ಮರಾಠಿ ಅವನ ಬಳಿಗೆ ಮನುಷ್ಯರ ಮೂಲಕ ಬಂದಿತು. ದರ, ತೂಕ, ನಗೆ, ಸಿಟ್ಟು, ಚಹಾ ಇವೆಲ್ಲವುಗಳ ಜೊತೆಗೆ ಬಂದಿತು. ಇಂಗ್ಲಿಷು ಬಂದದ್ದು ಪುಸ್ತಕದ ಮೂಲಕ, ಪರೀಕ್ಷೆಯ ಭಯದ ಜೊತೆಗೆ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ನೀವು ಒಂದು ಮಾತು ಕೂಗಿದರೆ ಅದು ಮತ್ತೆ ಮತ್ತೆ ಮರುನುಡಿಯುತ್ತದೆ. ಆದರೆ ಗುಮ್ಮಟವು ನಿಮ್ಮನ್ನು ಮರುಪ್ರಶ್ನೆ ಕೇಳುವುದಿಲ್ಲ. ನಮ್ಮ ತರಗತಿಗಳಲ್ಲಿ ಗುರುಗಳು ಹೇಳಿದ ವಾಕ್ಯವನ್ನು ಅರುವತ್ತು ಕಂಠಗಳು ಒಟ್ಟಾಗಿ ಒದರುವುದೂ ಇಂಥದೇ. ಮೂವತ್ತು ವರ್ಷಕ್ಕೂ ಮಿಕ್ಕಿ ಶಿಕ್ಷಕನಾಗಿದ್ದ ನಾನೂ ಈ ತಪ್ಪಿನಲ್ಲಿ ಪಾಲುದಾರನೇ.

ಭಾಷೆಯನ್ನು ಅದನ್ನಾಡುವ ಜನರ ನಡುವೆ ಇದ್ದು ಕಲಿಯಬೇಕೆಂಬ ತಿಳುವಳಿಕೆ ಹೊಸದಲ್ಲ. ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿಯ ಹೆಸರನ್ನು ನಮ್ಮ ನೆರೆಯ ಸುರಪುರದವರು ಇಂದಿಗೂ ಬಲ್ಲರು. 19ನೆಯ ಶತಮಾನದ ನಡುವಿನಲ್ಲಿ ಅವನು ಅಲ್ಲಿಯ ಆಡಳಿತ ನೋಡಿಕೊಂಡವನು. ಈ ನಾಡಿನ ಭಾಷೆಗಳನ್ನು ಈ ನಾಡಿನ ಜನರ ನಡುವೆಯೇ ಕಲಿತು, ವಿಜಾಪುರದ ಆದಿಲಶಾಹಿ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡು ‘ತಾರಾ’ ಎಂಬ ಕಾದಂಬರಿಯನ್ನು 1863ರಲ್ಲಿ ಪ್ರಕಟಿಸಿದನು. ನಿವೃತ್ತನಾದ ಮೇಲೆ ಅವನು ನೆಲೆಸಿದ್ದು ಐರ್ಲೆಂಡಿನ ಡಬ್ಲಿನ್ ನಗರದ ಬಳಿಯಲ್ಲಿ. ಸುರಪುರದ ಕಡೆಯ ಬೃಹತ್ ಶಿಲಾಸಮಾಧಿಗಳನ್ನು ಕುರಿತು ಅವನು ಬರೆದ ಲೇಖನವು ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿಯೇ ಅಚ್ಚಾಯಿತು. ಐರ್ಲೆಂಡಿನ ಮಾತು ಬಂದುದರಿಂದ ಈಗ ಅಲ್ಲಿಗೇ ಹೋಗೋಣ.

ಐರ್ಲೆಂಡು ಯುರೋಪಿನ ಪಶ್ಚಿಮದಂಚಿನ ಒಂದು ದ್ವೀಪ. ಅದರ ಬಹುಭಾಗವು ಸ್ವತಂತ್ರ ಗಣರಾಜ್ಯ. ಈಶಾನ್ಯದ ಒಂದು ಭಾಗ ಮಾತ್ರ ಬ್ರಿಟನ್ನಿಗೆ ಸೇರಿದೆ. ಗಣರಾಜ್ಯದ ವಿಸ್ತೀರ್ಣ ಸುಮಾರು 70 ಸಾವಿರ ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. 2022ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 51 ಲಕ್ಷ. ಇಷ್ಟು ಸಣ್ಣ ದೇಶಕ್ಕೆ ಪ್ರತಿವರ್ಷವೂ ಸಾವಿರಾರು ತರುಣ ತರುಣಿಯರು ಇಂಗ್ಲಿಷು ಕಲಿಯಲೆಂದೇ ಹೋಗುತ್ತಾರೆ. ಸ್ಪೇನ್, ಇಟಲಿ, ಬ್ರೆಜಿಲ್ ಮೊದಲಾದ ದೇಶಗಳವರು ಅವರಲ್ಲಿ ಹೆಚ್ಚು. ಡಬ್ಲಿನ್, ಕಾರ್ಕ್, ಗಾಲ್ವೇ ನಗರಗಳಲ್ಲಿ ಇದಕ್ಕೆಂದೇ ಭಾಷಾಶಾಲೆಗಳುಂಟು. ಮೊದಲು ಒಂದು ಪರೀಕ್ಷೆ ಮಾಡಿ, ಯಾರಿಗೆ ಎಷ್ಟು ಬರುತ್ತದೆಂದು ನೋಡಿ, ತಕ್ಕ ತರಗತಿಗೆ ಸೇರಿಸುತ್ತಾರೆ. ವಾರಕ್ಕೆ ಹದಿನೈದು ಗಂಟೆಗಳ ಪಾಠವೆಂಬುದು ಸಾಮಾನ್ಯ ಲೆಕ್ಕ. ಉಳಿದ ಹೊತ್ತೆಲ್ಲ ಊರೇ ಶಾಲೆ. ಅನೇಕರು ಅಲ್ಲಿಯ ಕುಟುಂಬಗಳ ಮನೆಯಲ್ಲಿ ಹಣ ಕೊಟ್ಟು ಇರುತ್ತಾರೆ. ಅವರ ಮೇಜಿನಲ್ಲಿಯೇ ಉಣ್ಣುತ್ತಾರೆ. ಪಾಠಕ್ಕಿಂತ ಈ ಊಟದ ಮೇಜೇ ಹೆಚ್ಚು ಕಲಿಸುತ್ತದೆಂದು ಹೋಗಿಬಂದವರ ಅನುಭವ. ನಮ್ಮ ದೇಶದಿಂದ ಹೋಗುವವರು ಸಾಮಾನ್ಯವಾಗಿ ಇಂಗ್ಲಿಷು ಕಲಿಯಲೆಂದು ಹೋಗುವುದಿಲ್ಲ. ಮೇಲ್ಮಟ್ಟದ ವ್ಯಾಸಂಗಕ್ಕೋ ದಾದಿಯರ ಕೆಲಸಕ್ಕೋ ಹೋಗುತ್ತಾರೆ. ಆದರೆ ಇಂಗ್ಲಿಷು ಬರುತ್ತದೆಂದು ತಿಳಿದು ಹೋದವರು ಅಲ್ಲಿ ಮತ್ತೊಮ್ಮೆ ಕಲಿಯಬೇಕಾಗುವುದುಂಟು.

ನನ್ನ ಬಳಿ ಕನ್ನಡ ಓದಿದ ತಿಕೋಟಾ ಕಡೆಯ ಒಬ್ಬ ಹುಡುಗನು ಕೆಲವು ವರ್ಷಗಳ ಹಿಂದೆ ಗಾಲ್ವೇ ನಗರಕ್ಕೆ ಎಂ.ಎಸ್ಸಿ. ಓದಲು ಹೋದನು. ವ್ಯಾಸಂಗ ಆರಂಭವಾಗುವ ಮುನ್ನ ಎರಡು ತಿಂಗಳು ಭಾಷೆಯ ತರಗತಿಗೆ ಕೂಡ್ರಬೇಕಾಯಿತು. ‘ಇಂಗ್ಲಿಷಿನಲ್ಲಿ ನನಗೆ ಎಂಬತ್ತರ ಮೇಲೆ ಅಂಕ ಬಂದಾವ್ರಿ ಸರ, ನನಗ್ಯಾಕ ಈ ತರಗತಿ?’ ಎಂದು ಹೊರಡುವಾಗ ನನ್ನೆದುರು ಗೊಣಗಿದ್ದನು. ಹೋದ ಹದಿನೈದು ದಿನಗಳಿಗೆ ಫೋನು ಮಾಡಿದಾಗ ಅವನ ಧ್ವನಿ ಬದಲಾಗಿತ್ತು. ಮನೆಯ ಒಡತಿಯ ಮಾತು ಅರ್ಧ ತಿಳಿಯುವುದಿಲ್ಲವೆಂದನು.

ಮೊದಲ ದಿನ ಆಕೆಯನ್ನು ಊಟಕ್ಕೆ ಕರೆದಾಗ ಆಕೆ ‘ಐಯಾಮ್ ಆಫ್ಟರ್ ಈಟಿಂಗ್’ ಎಂದಳಂತೆ. ನಮ್ಮ ಹುಡುಗನು ಕಲಿತ ವ್ಯಾಕರಣದಲ್ಲಿ ಹೀಗೊಂದು ವಾಕ್ಯವೇ ಇರಲಿಲ್ಲ. ‘ನಾನು ಊಟದ ಬೆನ್ನು ಹತ್ತಿದ್ದೇನೆ’ ಎಂದೇನೋ ಹೇಳುತ್ತಿರಬೇಕೆಂದುಕೊಂಡು, ಪಾಪ ಹಸಿದಿದ್ದಾಳೆಂದು ಆಕೆಗೂ ಒಂದು ತಟ್ಟೆ ಇಟ್ಟನು. ‘ನನ್ನದು ಈಗಷ್ಟೇ ಊಟವಾಯಿತು’ ಎಂಬುದು ಆ ಮಾತಿನ ಅರ್ಥವೆಂದು ತಿಳಿಯಲು ಎರಡು ದಿನ ಹಿಡಿಯಿತು. ಮರುದಿನ ನೆರೆಯವನೊಬ್ಬನು ‘ವಾಟ್ಸ್ ದ ಕ್ರ್ಯಾಕ್?’ ಎಂದಾಗ ಗೋಡೆಯಲ್ಲಿ ಎಲ್ಲಿ ಬಿರುಕು ಬಿಟ್ಟಿದೆಯೆಂದು ನೋಡಿದನಂತೆ! ಅಲ್ಲಿ ಕ್ರ್ಯಾಕ್ ಎಂದರೆ ಹರಟೆ, ವಿನೋದ, ಸುದ್ದಿ. ‘ಏನಪಾ ಸುದ್ದಿ?’ ಎಂದು ನಮ್ಮ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವುದಿಲ್ಲವೆ, ಹಾಗೆ.

ಇಂಥ ವಿಚಿತ್ರಗಳಿಗೆಲ್ಲ ಒಂದು ಕಾರಣವಿದೆ. ಅವರ ಇಂಗ್ಲಿಷಿನ ತಳದಲ್ಲಿ ಇನ್ನೊಂದು ಭಾಷೆ ಮಲಗಿದೆ. ಅದೇ ಐರಿಷ್ ಭಾಷೆ. ಗೇಲಿಕ್ ಎಂದೂ ಅದನ್ನು ಕರೆಯುವುದುಂಟು. ಇಂಗ್ಲಿಷಿಗಿಂತ ಅದು ತೀರ ಬೇರೆಯಾದುದು. ಒಂದು ಕೆಲಸ ಈಗಷ್ಟೇ ಮುಗಿಯಿತೆಂದು ಹೇಳಲು ಆ ಭಾಷೆಯಲ್ಲಿ ‘ಅದರ ಬಳಿಕ ಇದ್ದೇನೆ’ ಎಂಬ ರಚನೆಯುಂಟು. ಜನರು ತಮ್ಮ ಭಾಷೆಯನ್ನು ಬಿಟ್ಟು ಇಂಗ್ಲಿಷಿಗೆ ಬಂದಾಗ ಶಬ್ದಗಳನ್ನು ಬದಲಾಯಿಸಿದರು, ಆದರೆ ಅಚ್ಚು ಹಳೆಯದೇ ಉಳಿಯಿತು. ನಮ್ಮಲ್ಲಿ ಮರಾಠಿಯ ನೆರೆಹೊರೆಯಲ್ಲಿ ಬೆಳೆದವನ ಕನ್ನಡಕ್ಕೂ ತುಂಗಭದ್ರೆಯಾಚೆಯವನ ಕನ್ನಡಕ್ಕೂ ಭೇದವಿಲ್ಲವೆ?

ಇಲ್ಲಿ ಕನ್ನಡಿಗನಿಗೆ ಆನಂದ ತರುವ ಕೆಲವು ಸಂಗತಿಗಳಿವೆ. ಐರಿಷ್ ಭಾಷೆಯಲ್ಲಿ ಇಂಗ್ಲಿಷಿನ ‘ಯೆಸ್’, ‘ನೋ’ ಎಂಬವುಗಳಿಗೆ ನೇರವಾದ ಶಬ್ದಗಳಿಲ್ಲ. ‘ಉಂಡೆಯಾ?’ ಎಂದು ಕೇಳಿದರೆ ‘ಉಂಡೆ’ ಎಂದೋ ‘ಉಣ್ಣಲಿಲ್ಲ’ ಎಂದೋ ಕ್ರಿಯಾಪದವನ್ನೇ ಮರಳಿ ಹೇಳಬೇಕು. ಆದುದರಿಂದ ಇಂಗ್ಲಿಷು ಆಡುವಾಗಲೂ ಐರ್ಲೆಂಡಿನವರು ಬರಿಯ ‘ಯೆಸ್’ ಎನ್ನದೆ ‘ಐ ಡಿಡ್’, ‘ಐ ಆಮ್’, ‘ಇಟ್ ಈಸ್’ ಎಂದು ಉತ್ತರಿಸುವುದು ಹೆಚ್ಚು. ನಮ್ಮಲ್ಲಿ ‘ಹೌದು’ ಎಂಬ ಶಬ್ದವಿದ್ದರೂ, ‘ಬಸ್ಸು ಬಂತೇನ್ರಿ?’ ಎಂದರೆ ‘ಬಂತು’ ಎನ್ನುತ್ತೇವೆಯೇ ಹೊರತು ‘ಹೌದು’ ಎನ್ನುವುದು ಅಪರೂಪ. ಎರಡನೆಯದಾಗಿ, ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಐರಿಷ್‌ನಲ್ಲಿ ಸರಿಸಾಟಿಯಿಲ್ಲ. ‘ನಾನು ಪುಸ್ತಕವನ್ನು ಹೊಂದಿದ್ದೇನೆ’ ಎಂದು ಅವರು ಹೇಳಲಾರರು. ‘ಪುಸ್ತಕವು ನನ್ನ ಬಳಿ ಇದೆ’ ಎನ್ನುತ್ತಾರೆ. ಹಸಿವೆಯಾದರೆ ‘ನಾನು ಹಸಿದವನು’ ಎನ್ನದೆ ‘ಹಸಿವೆ ನನ್ನ ಮೇಲಿದೆ’ ಎನ್ನುತ್ತಾರೆ. ನಮಗೂ ‘ನನಗೆ’ ಹಸಿವೆಯಾಗುತ್ತದೆ, ‘ನನಗೆ’ ಸಿಟ್ಟು ಬರುತ್ತದೆ. ಹಸಿವೆ, ಸಿಟ್ಟುಗಳು ಹೊರಗಿನಿಂದ ಬಂದು ನಮ್ಮನ್ನು ಹಿಡಿಯುವ ವಸ್ತುಗಳೆಂಬಂತೆ ಎರಡು ಭಾಷೆಗಳೂ ಕಾಣುತ್ತವೆ. ಇದೀಚೆಗೆ ‘ಅವರು ಎರಡು ಮನೆಗಳನ್ನು ಹೊಂದಿದ್ದಾರೆ’ ಎಂದು ಬರೆಯುವ ಪತ್ರಿಕೆಗಳ ಕನ್ನಡಕ್ಕಿಂತ ಐರಿಷ್ ಭಾಷೆಯೇ ನಮಗೆ ಹತ್ತಿರವೆನ್ನಬೇಕಾಗಿದೆ! ಇನ್ನೊಂದು ಮಾತು. ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ‘ನೀನು’ ಮತ್ತು ‘ನೀವು’ ಎರಡಕ್ಕೂ ‘ಯು’ ಒಂದೇ. ಏಕವಚನ ಬಹುವಚನಗಳ ಭೇದವಿದ್ದ ಭಾಷೆಯಿಂದ ಬಂದ ಐರಿಷರಿಗೆ ಇದು ಒಗ್ಗಲಿಲ್ಲ. ಹಲವರನ್ನು ಕುರಿತು ಮಾತಾಡುವಾಗ ಅವರು ‘ಯೀ’ ಎಂದೋ ‘ಯೂಸ್’ ಎಂದೋ ಹೇಳಿ ಕೊರತೆ ತುಂಬಿಕೊಂಡಿದ್ದಾರೆ. ಲಂಡನ್ನಿನ ಪಂಡಿತರು ಇದನ್ನು ತಪ್ಪೆಂದಾರು. ನನಗೆ ಮಾತ್ರ ಅದು ಜಾಣತನವಾಗಿಯೇ ತೋರುತ್ತದೆ.

ಭಾಷೆಯ ಜೊತೆಗೆ ನಡವಳಿಕೆಯನ್ನೂ ಕಲಿಯಬೇಕಾಗುತ್ತದೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಕೃತಜ್ಞತೆ ಹೇಳಿಯೇ ಇಳಿಯುತ್ತಾರೆ. ತುಂತುರು ಮಳೆಯ ದಿನವನ್ನು ‘ಮೃದುವಾದ ದಿನ’ ಎಂದು ಕರೆಯುತ್ತಾರೆ. ವರ್ಷಕ್ಕೆ ಆರು ನೂರು ಮಿಲಿಮೀಟರು ಮಳೆ ಬಿದ್ದರೆ ಹಬ್ಬ ಮಾಡುವ ನಾಡಿನಿಂದ ಹೋದ ಹುಡುಗನಿಗೆ, ಮಳೆ ನಿಲ್ಲಲೆಂದು ಹಾರೈಸುವ ಜನರನ್ನು ಕಂಡು ಸೋಜಿಗವಾದುದು ಸಹಜವೇ ಸರಿ. ಹಾಲು ಬೆರೆಸಿದ ಕಡಕ್ ಚಹಾ ಅವರಿಗೂ ಪ್ರಾಣ. ಆದರೆ ಅದನ್ನು ಸ್ವೀಕರಿಸುವುದಕ್ಕೆ ಒಂದು ಕ್ರಮವುಂಟು. ಮೊದಲ ಸಲ ಕೇಳಿದಾಗ ಬೇಡವೆನ್ನಬೇಕು. ಎರಡನೆಯ ಸಲವೂ ತೊಂದರೆ ತೆಗೆದುಕೊಳ್ಳಬೇಡಿರೆನ್ನಬೇಕು. ಮೂರನೆಯ ಸಲ ಒತ್ತಾಯ ಮಾಡಿದಾಗ ಒಪ್ಪಬೇಕು. ನಮ್ಮ ಹುಡುಗನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ‘ಇದ ನಮ್ಮ ಬಬಲೇಶ್ವರದಾಂಗ ಐತ್ರಿ ಸರ’ ಎಂದನು.

ಹಳ್ಳಿಯ ಕಡೆ ಜೌಗುನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ತೆಗೆದ ಮಣ್ಣಿನ ಹೆಂಟೆಗಳನ್ನು ಒಣಗಿಸಿ ಉರಿಸುವ ರೂಢಿ ಬಹುಕಾಲದಿಂದ ಬಂದುದು. ಒಣಗಲು ಒಟ್ಟಿದ ಆ ಹೆಂಟೆಗಳ ಸಾಲು ನಮ್ಮ ಕುಳ್ಳಿನ ಬಣವೆಯನ್ನು ನೆನಪಿಗೆ ತರುತ್ತದೆ. ಸಂಜೆಯ ಹೊತ್ತು ನಾಲ್ಕಾರು ಜನರು ಪಿಟೀಲು, ಕೊಳಲುಗಳನ್ನು ಹಿಡಿದು ದುಂಡಗೆ ಕುಳಿತು ನುಡಿಸುತ್ತಾರೆ. ವೇದಿಕೆಯಿಲ್ಲ, ಟಿಕೀಟಿಲ್ಲ, ಬಲ್ಲವರು ಬಂದು ಕೂಡಿಕೊಳ್ಳಬಹುದು. ನಮ್ಮ ಅಮಾವಾಸ್ಯೆಯ ಭಜನಾ ಮೇಳದ ರೀತಿಯೇ. ಅದರಲ್ಲಿ ಬೌರಾನ್ ಎಂಬ ಚರ್ಮವಾದ್ಯವಿದೆ. ಕಟ್ಟಿಗೆಯ ದುಂಡು ಚೌಕಟ್ಟಿನ ಒಂದೇ ಮುಖಕ್ಕೆ ಆಡಿನ ತೊಗಲು ಬಿಗಿದು, ಸಣ್ಣ ಕೋಲಿನಿಂದ ಬಾರಿಸುವಂಥದು. ಅದನ್ನು ಮೊದಲು ಕಂಡಾಗ ‘ಹಲಗಿ!’ ಎಂದು ಹುಡುಗನು ಕೂಗಿದನಂತೆ. ಆಟಗಳಲ್ಲಿಯೂ ಅವರದು ಸ್ವಂತ ದಾರಿ. ಹರ್ಲಿಂಗ್ ಎಂಬ ಕೋಲು ಚೆಂಡಿನ ಆಟವನ್ನೂ ಗೇಲಿಕ್ ಕಾಲ್ಚೆಂಡನ್ನೂ ಉಳಿಸಿ ಬೆಳೆಸಲು 1884ರಲ್ಲಿಯೇ ಸಂಘ ಕಟ್ಟಿದರು. ಅದು ಇಂದಿಗೂ ಊರೂರಿನಲ್ಲಿ ಬಲವಾಗಿದೆ.

ಹೀಗಿರುವ ಜನರು ತಮ್ಮ ಭಾಷೆಯನ್ನು ಏಕೆ ಕಳೆದುಕೊಂಡರು? ಇದನ್ನು ನೀವು ಸಾವಧಾನವಾಗಿ ಓದಬೇಕು. ಶತಮಾನಗಳ ಕಾಲ ಐರ್ಲೆಂಡು ಇಂಗ್ಲೆಂಡಿನ ಆಳ್ವಿಕೆಯಲ್ಲಿತ್ತು. ಕೋರ್ಟು, ಕಚೇರಿ, ಜಮೀನಿನ ಕಾಗದ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. 1831ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಾಲೆಗಳಲ್ಲಿಯೂ ಶಿಕ್ಷಣ ಮಾಧ್ಯಮ ಇಂಗ್ಲಿಷೇ. ಮನೆಯಲ್ಲಿ ಐರಿಷ್ ಹೊರತು ಬೇರೆ ಮಾತು ಕೇಳದ ಮಗುವೂ ಅಲ್ಲಿ ಇಂಗ್ಲಿಷಿನಲ್ಲಿಯೇ ಕಲಿಯಬೇಕು. ಅನೇಕ ಕಡೆಗಳಲ್ಲಿ ಮಗುವಿನ ಕೊರಳಿಗೆ ದಾರದಿಂದ ಒಂದು ಕೋಲನ್ನು ಕಟ್ಟುತ್ತಿದ್ದರು. ಮಗುವು ಐರಿಷ್ ಮಾತಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಗೀರು. ದಿನದ ಕೊನೆಗೆ ಗೀರುಗಳನ್ನೆಣಿಸಿ ಅಷ್ಟು ಏಟು. ಗೀರು ಹಾಕುವವರು ಗುರುಗಳು ಮಾತ್ರವೇ ಅಲ್ಲ. ಹಲವೆಡೆ ಮನೆಯಲ್ಲಿ ತಂದೆತಾಯಿಗಳೂ ಹಾಕುತ್ತಿದ್ದರು. ಅವರೇನು ಮಗುವಿನ ವೈರಿಗಳಾಗಿರಲಿಲ್ಲ. ಇಂಗ್ಲಿಷು ಬಂದರೆ ಅನ್ನ ಉಂಟು, ಹಡಗು ಹತ್ತಿ ಅಮೆರಿಕಕ್ಕೆ ಹೋಗಬಹುದು ಎಂಬುದು ಅವರ ಲೆಕ್ಕವಾಗಿತ್ತು.

ಆ ಲೆಕ್ಕವನ್ನು ಬರಗಾಲವು ಇನ್ನಷ್ಟು ಬಲಪಡಿಸಿತು. ಬಡ ಒಕ್ಕಲಿಗರಿಗೆ ಆಲೂಗಡ್ಡೆಯೇ ಆಹಾರ. 1845ರಲ್ಲಿ ಆ ಬೆಳೆಗೆ ರೋಗ ತಗುಲಿ ಗಡ್ಡೆಗಳು ನೆಲದಲ್ಲಿಯೇ ಕೊಳೆತವು. ಮುಂದೆಯೂ ಹಲವು ವರ್ಷ ಹೀಗೆಯೇ ಆಯಿತು. ಇತ್ತ ಜನರು ಹಸಿವೆಯಿಂದ ಸಾಯುತ್ತಿದ್ದಾಗಲೂ ಅತ್ತ ಧಾನ್ಯವು ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದಿತು. ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶ ಬಿಟ್ಟರು. 1841ರಲ್ಲಿ 81 ಲಕ್ಷವಿದ್ದ ದ್ವೀಪದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ಇಂದಿಗೂ ಅದು ಬರಗಾಲದ ಹಿಂದಿನ ಸಂಖ್ಯೆಯನ್ನು ಮುಟ್ಟಿಲ್ಲ. ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಸೀಮೆಯೂ 1876-78ರಲ್ಲಿ ಇಂಥದೇ ಘೋರವನ್ನು ಉಂಡಿದೆ. ಬರದ ಮಾತು ವಿಜಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐರ್ಲೆಂಡಿನಲ್ಲಿ ಹೆಚ್ಚು ಸತ್ತವರು, ಹೆಚ್ಚು ವಲಸೆ ಹೋದವರು ಪಶ್ಚಿಮದ ಬಡವರು. ಐರಿಷ್ ಮಾತಾಡುತ್ತಿದ್ದವರೂ ಅವರೇ. ಹೀಗೆ ಭಾಷೆಯು ತನ್ನ ಜನರೊಂದಿಗೇ ಮಣ್ಣುಗೂಡಿತು, ಹಡಗೇರಿತು.

ನಮ್ಮ ಭಾಗದಲ್ಲಿಯೂ 19ನೆಯ ಶತಮಾನದಲ್ಲಿ ಒಂದು ಸಂಕಟ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆ ಶಾಲೆ ಕಚೇರಿಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಡೆಪ್ಯೂಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ತೆರೆಯಿಸಿ ನಮ್ಮನ್ನು ಉಳಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅದಾದ ಮೂರೇ ವರ್ಷಕ್ಕೆ, 1893ರಲ್ಲಿ, ಡಬ್ಲಿನ್ನಿನಲ್ಲಿ ಗೇಲಿಕ್ ಲೀಗ್ ಎಂಬ ಸಂಘವು ಹುಟ್ಟಿ ಐರಿಷ್ ಭಾಷೆಯನ್ನು ಮತ್ತೆ ಬದುಕಿಸಲು ಹೊರಟಿತು. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಕಾಲದ ಗಾಳಿ ಒಂದೇ ಬಗೆಯದು. ಗೇಲಿಕ್ ಲೀಗಿನ ಮೊದಲ ಅಧ್ಯಕ್ಷ ಡಗ್ಲಸ್ ಹೈಡ್ ಇಂಗ್ಲಿಷು ಆಡುವ ಪಾದ್ರಿಯ ಮಗ. ಐರಿಷ್ ಭಾಷೆಯನ್ನು ಅವನು ಕಲಿತದ್ದು ತನ್ನೂರಿನ ಒಕ್ಕಲಿಗರ ಮನೆಗಳಲ್ಲಿ ಕುಳಿತು. ಜನರ ಬಾಯಿಂದ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. 1938ರಲ್ಲಿ ಅವನೇ ಆ ದೇಶದ ಮೊದಲ ರಾಷ್ಟ್ರಾಧ್ಯಕ್ಷನಾದನು. ಜೆ. ಎಂ. ಸಿಂಗ್ ಎಂಬ ನಾಟಕಕಾರನು 1898ರಿಂದ ಮೇಲಿಂದ ಮೇಲೆ ಆರನ್ ದ್ವೀಪಗಳಿಗೆ ಹೋಗಿ, ಮೀನುಗಾರರ ಗುಡಿಸಲುಗಳಲ್ಲಿ ಇದ್ದು ಭಾಷೆ ಕಲಿತನು. ಒಮ್ಮೆ ಹಳೆಯ ಮನೆಯೊಂದರಲ್ಲಿ ಇಳಿದುಕೊಂಡಿದ್ದಾಗ ನೆಲಹಾಸಿನ ಬಿರುಕಿಗೆ ಕಿವಿಗೊಟ್ಟು ಕೆಳಗಿನ ಅಡುಗೆಮನೆಯ ಹೆಣ್ಣುಮಕ್ಕಳ ಮಾತು ಕೇಳಿದೆನೆಂದು ಅವನೇ ಬರೆದಿದ್ದಾನೆ. ಕದ್ದು ಕೇಳುವುದು ಒಳ್ಳೆಯ ಅಭ್ಯಾಸವಲ್ಲ, ಆದರೆ ಆ ಬಿರುಕಿನಿಂದ ಒಳ್ಳೆಯ ನಾಟಕವೊಂದು ಬಂದಿತು. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಹೈಡ್ ಮಾಡಿದ ಕೆಲಸವೂ ಇವರು ಮಾಡಿದ ಕೆಲಸವೂ ಒಂದೇ.

ಗೇಲಿಕ್ ಲೀಗಿನ ಗಾಳಿಯಲ್ಲಿ ಬೆಳೆದ ಒಂದು ಜೀವವು ಕನ್ನಡಕ್ಕೆ ನೇರವಾಗಿ ಉಪಕಾರ ಮಾಡಿದ ಕಥೆಯೂ ಉಂಟು. ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್ ನಗರದಲ್ಲಿ 1873ರಲ್ಲಿ ಹುಟ್ಟಿದ ಐರಿಷ್ ಕವಿ. ಡಬ್ಲಿನ್ನಿನ ಸಾಹಿತ್ಯ ಪುನರುಜ್ಜೀವನದಲ್ಲಿ ಪಾಲುಗೊಂಡು, 1915ರಲ್ಲಿ ಹೆಂಡತಿ ಮಾರ್ಗರೆಟ್‌ಳೊಡನೆ ಭಾರತಕ್ಕೆ ಬಂದನು. 1924ರಲ್ಲಿ ಅವನು ಮೈಸೂರಿಗೆ ಬಂದಾಗ ತರುಣ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷು ಕವನಗಳನ್ನು ಹಿಡಿದುಕೊಂಡು ಹೋಗಿ ತೋರಿಸಿದನು. ಎರಡು ವರ್ಷ ಹಿಂದೆಯೇ ಅವನ ಇಂಗ್ಲಿಷು ಕವನಗಳ ಪುಸ್ತಕವೊಂದು ಅಚ್ಚಾಗಿತ್ತು. ಹೊಗಳಿಕೆ ಸಿಕ್ಕೀತೆಂದು ಹೋದವನಿಗೆ ನಿರಾಸೆ ಕಾದಿತ್ತು. ಖಾದಿಯುಟ್ಟ ಹುಡುಗನನ್ನು ನೋಡಿ, ಮೈಮೇಲಿನದೆಲ್ಲ ಸ್ವದೇಶಿ, ಇದೊಂದು ಮಾತ್ರ ಏಕೆ ಹೀಗೆ ಎಂಬ ಅರ್ಥದ ಮಾತಾಡಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕಸಿನ್ಸ್ ಕೇಳಿದನು. ಕನ್ನಡದ ಛಂದಸ್ಸಿನಲ್ಲಿ ಇಷ್ಟು ವೈವಿಧ್ಯ ಸಾಧ್ಯವಿಲ್ಲವೆಂದು ಹುಡುಗನು ವಾದಿಸಿದನು. ಬಂಗಾಲಿಯಲ್ಲಿ ರವೀಂದ್ರರು ಸಾಧಿಸಿದ್ದು ಕನ್ನಡದಲ್ಲಿ ಏಕಾಗದು ಎಂಬುದು ಅದಕ್ಕೆ ಉತ್ತರ. ಹುಡುಗನು ಒಳಗೊಳಗೇ ನೊಂದುಕೊಂಡನು. ಆದರೆ ಕನ್ನಡದಲ್ಲಿ ಬರೆಯತೊಡಗಿದನು. ಅವರೇ ಕುವೆಂಪು. ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಬರೆದು ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟವರು. ಅಂದು ಆ ಮಾತು ಹೇಳಿದವನು ಇಂಗ್ಲೆಂಡಿನವನಾಗಿದ್ದರೆ, ನಮ್ಮ ಭಾಷೆಯಲ್ಲಿ ಪಾಲು ಕೇಳಬೇಡವೆಂಬ ದರ್ಪವೆಂದು ನಾವು ಸಂಶಯಪಡಬಹುದಿತ್ತು. ಅವನು ಐರಿಷ್ ಆಗಿದ್ದನು. ಕೊರಳಿನ ಕೋಲಿನ ಕಥೆ ತಿಳಿದವನು. ಸ್ವತಃ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿ ಬಂದವನು.

ಕಲಿಯಲು ಹೋದವನು ಕಲಿಯಲೆಂದು ಹೋದುದನ್ನಷ್ಟೇ ತರುವುದಿಲ್ಲ. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ಆಮೇಲೆ ರಾಷ್ಟ್ರಪತಿಗಳಾದ ವಿ. ವಿ. ಗಿರಿಯವರು 1913ರಲ್ಲಿ ಕಾನೂನು ಓದಲು ಡಬ್ಲಿನ್ನಿಗೆ ಹೋಗಿದ್ದರು. ಅಲ್ಲಿಯ ಸ್ವಾತಂತ್ರ್ಯ ಹೋರಾಟಗಾರರ ಸಂಪರ್ಕ ಬಂದು, 1916ರ ಬಂಡಾಯದ ಬಳಿಕ ದೇಶ ಬಿಡಬೇಕಾಯಿತು. ಮರಳಿ ಬಂದವರು ಕಾರ್ಮಿಕರ ನಾಯಕರಾದರು.

ಸ್ವತಂತ್ರ ಐರ್ಲೆಂಡಿನ 1937ರ ಸಂವಿಧಾನವು ಐರಿಷ್ ಭಾಷೆಯನ್ನು ಮೊದಲ ಅಧಿಕೃತ ಭಾಷೆಯೆಂದು ಸಾರಿದೆ, ಇಂಗ್ಲಿಷು ಎರಡನೆಯದು. ದಾರಿಯ ಫಲಕಗಳು ಹೆಚ್ಚಾಗಿ ಎರಡು ಭಾಷೆಗಳಲ್ಲಿವೆ. ಶಾಲೆಯಲ್ಲಿ ಮಕ್ಕಳು ಐರಿಷ್ ಓದುತ್ತಾರೆ. 2022ರ ಜನಗಣತಿಯಲ್ಲಿ ಸುಮಾರು 19 ಲಕ್ಷ ಜನರು ತಮಗೆ ಐರಿಷ್ ಬರುತ್ತದೆಂದು ಬರೆಯಿಸಿದರು. ಆದರೆ ಶಾಲೆಯ ಹೊರಗೆ ದಿನನಿತ್ಯ ಅದನ್ನಾಡುವವರ ಸಂಖ್ಯೆ 72 ಸಾವಿರದಷ್ಟು ಮಾತ್ರ. ಸಂವಿಧಾನದಲ್ಲಿ ಬರೆದ ಮಾತ್ರಕ್ಕೆ ಭಾಷೆ ನಾಲಗೆಗೆ ಬರಲಾರದು. ಆದುದರಿಂದ ಬೇಸಗೆಯ ರಜೆಯಲ್ಲಿ ಅಲ್ಲಿಯ ಸಾವಿರಾರು ಮಕ್ಕಳು ಪಶ್ಚಿಮದ ಕರಾವಳಿಯ, ಐರಿಷ್ ಇನ್ನೂ ಉಳಿದಿರುವ ಹಳ್ಳಿಗಳಿಗೆ ಹೋಗುತ್ತಾರೆ. ಎರಡು ಮೂರು ವಾರ ಒಂದು ಮನೆಯಲ್ಲಿ ಇದ್ದು, ಆ ಮನೆಯ ಯಜಮಾನಿತಿಯ ಕೈಯಡುಗೆ ಉಂಡು, ಅವಳೊಡನೆ ಐರಿಷ್‌ನಲ್ಲಿಯೇ ಮಾತಾಡುತ್ತಾರೆ. ಸಂಜೆ ಕುಣಿತ, ಹಾಡು. ಇಂಗ್ಲಿಷು ಆಡಿ ಮೇಲಿಂದ ಮೇಲೆ ಸಿಕ್ಕಿಬಿದ್ದವರನ್ನು ಮನೆಗೆ ಕಳಿಸುವ ಪದ್ಧತಿಯೂ ಇತ್ತು. ಜಗತ್ತಿನ ಮಕ್ಕಳು ಇಂಗ್ಲಿಷು ಕಲಿಯಲು ಐರ್ಲೆಂಡಿಗೆ ಬಂದು ಪರರ ಮನೆಯಲ್ಲಿ ಇರುತ್ತಾರೆ. ಐರ್ಲೆಂಡಿನ ಮಕ್ಕಳು ತಮ್ಮದೇ ಭಾಷೆ ಕಲಿಯಲು ತಮ್ಮದೇ ದೇಶದಲ್ಲಿ ಪರರ ಮನೆಗೆ ಹೋಗುತ್ತಾರೆ.

ನಾನು ಇಂಗ್ಲಿಷಿನ ವಿರೋಧಿಯಲ್ಲ. ಆ ಭಾಷೆ ಬರದೆ ನನ್ನ ಎಷ್ಟೋ ಶಿಷ್ಯರು ಪಟ್ಟ ಅವಮಾನವನ್ನು ಕಣ್ಣಾರೆ ಕಂಡಿದ್ದೇನೆ. ಇಂದು ಬಬಲೇಶ್ವರದ ಒಬ್ಬ ಕೂಲಿಯೂ ಹೊಟ್ಟೆ ಕಟ್ಟಿ ಮಗಳನ್ನು ಇಂಗ್ಲಿಷು ಮಾಧ್ಯಮದ ಶಾಲೆಗೆ ಕಳಿಸುತ್ತಾನೆಂದರೆ ಅವನನ್ನು ಬಯ್ಯಲು ನನಗೆ ನಾಲಗೆ ಬಾರದು; ಗೀರು ಹಾಕಿದ ಐರಿಷ್ ತಂದೆಯ ಲೆಕ್ಕವೇ ಅವನದೂ. ಆದರೆ ಒಂದು ಭಾಷೆಯನ್ನು ಗಳಿಸಲು ಇನ್ನೊಂದನ್ನು ಒತ್ತೆಯಿಡಬೇಕೆಂಬ ಆ ಲೆಕ್ಕದಲ್ಲಿ ತಪ್ಪಿದೆ. ತಿಕೋಟಾದ ಹುಡುಗನು ಮರಾಠಿ ಕಲಿಯಲು ಕನ್ನಡವನ್ನು ಬಿಟ್ಟುಕೊಡಲಿಲ್ಲ.

ಗಾಲ್ವೇಗೆ ಹೋದ ನನ್ನ ಶಿಷ್ಯನ ಬಗೆಗೆ ಇನ್ನೊಂದು ಸಂಗತಿ ಹೇಳುವುದಿದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವನ ನಾಲಗೆ ಸಡಿಲಾಗಿತ್ತು. ನೆರೆಯವರೊಡನೆ ಮಳೆಯ ಬಗೆಗೆ ಒಂದು ಗಂಟೆ ಮಾತಾಡಬಲ್ಲವನಾಗಿದ್ದನು. ಒಂದು ಸಂಜೆ ಮನೆಯ ಒಡತಿಯ ಅಡುಗೆಮನೆಯಲ್ಲಿ ನಾಲ್ಕಾರು ಜನರು ಕೂಡಿದಾಗ, ಅಲ್ಲಿಯ ವಾಡಿಕೆಯಂತೆ ಎಲ್ಲರೂ ಸರದಿಯಿಂದ ಒಂದೊಂದು ಹಾಡು ಹೇಳಿದರು. ಒಡತಿಯು ತನ್ನ ಅಜ್ಜಿಯಿಂದ ಬಂದ ಐರಿಷ್ ಹಾಡೊಂದನ್ನು ಹೇಳಿ, ಅದರಲ್ಲಿ ಅರ್ಧ ಶಬ್ದಗಳ ಅರ್ಥ ತನಗೆ ತಿಳಿಯದೆಂದಳು. ಸರದಿ ನಮ್ಮವನಿಗೆ ಬಂದಿತು. ಸಿನಿಮಾದ ಒಂದು ಹಾಡು ಹೇಳಿದನು. ಅದಲ್ಲ, ನಿನ್ನ ಅಜ್ಜಿ ಹೇಳುತ್ತಿದ್ದುದನ್ನು ಹೇಳು ಎಂದರು. ಅವನಿಗೆ ಒಂದೂ ಬಾರದು. ಅಂದು ರಾತ್ರಿಯೇ ಊರಿಗೆ ಫೋನು ಮಾಡಿದನು. ನಮ್ಮಲ್ಲಿ ಆಗ ನಸುಕಿನ ಹೊತ್ತು. ತಾಯಿ ಏನು ಕೆಟ್ಟ ಸುದ್ದಿಯೋ ಎಂದು ಗಾಬರಿಯಾಗಿ ಎದ್ದರು. ವಿಷಯ ತಿಳಿದ ಮೇಲೆ, ‘ಇಷ್ಟಕ್ಕ ಎಬ್ಬಿಸಿದೇನು?’ ಎಂದು ಬಯ್ದು, ತಮ್ಮ ಅತ್ತೆ ಬೀಸುವಾಗ ಹಾಡುತ್ತಿದ್ದ ಎರಡು ತ್ರಿಪದಿಗಳನ್ನು ಹೇಳಿಕೊಟ್ಟರಂತೆ. ಮೂರನೆಯದು ಅವರಿಗೂ ಮರೆತಿತ್ತು.